ನಮ್ಮ ‘ಇದೆ’, ಇಂಗ್ಲಿಷಿನ ‘ಹ್ಯಾವ್’

ಪಕ್ಕದ ಮನೆಯ ಹುಡುಗಿ ಮೊನ್ನೆ ಸಂಜೆ ಒಂದು ಹಾಳೆ ಹಿಡಿದುಕೊಂಡು ಬಂದಳು. ಮರುದಿನ ಬೆಳಿಗ್ಗೆ ಅವಳಿಗೆ ಮೊದಲ ಇಂಟರ್‌ವ್ಯೂ. ‘ನಿಮ್ಮ ಬಗ್ಗೆ ಹೇಳಿ’ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಏನು ಹೇಳಬೇಕು ಎನ್ನುವುದನ್ನು ಅರ್ಧ ಪುಟ ಬರೆದುಕೊಂಡಿದ್ದಳು. “ಆಂಟಿ, ಏನಾದ್ರೂ ತಪ್ಪಿದ್ರೆ ಒಂಚೂರು ತಿದ್ದಿಕೊಡ್ತೀರಾ?” ಅಂದಳು. ದುಂಡಗಿನ ಅಕ್ಷರ, ಒಂದೂ ಸ್ಪೆಲ್ಲಿಂಗ್ ತಪ್ಪಿಲ್ಲ. ಆದರೆ ನಾಲ್ಕು ವಾಕ್ಯಗಳ ಹತ್ತಿರ ನನ್ನ ಪೆನ್ಸಿಲ್ ನಿಂತಿತು.

‘ಮೈ ಫಾದರ್ ಈಸ್ ಹ್ಯಾವಿಂಗ್ ಎ ಸ್ಮಾಲ್ ಶಾಪ್.’

‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022.’

‘ಲಾಸ್ಟ್ ಇಯರ್ ಐ ಹ್ಯಾಡ್ ಡನ್ ಎ ಕಂಪ್ಯೂಟರ್ ಕೋರ್ಸ್.’

‘ಐ ಆಮ್ ಲಿವಿಂಗ್ ಇನ್ ಬೆಂಗಳೂರು ಸಿನ್ಸ್ ತ್ರೀ ಇಯರ್ಸ್.’

ಬೇಡದ ಕಡೆ ‘ಹ್ಯಾವಿಂಗ್’, ಬೇಡದ ಕಡೆ ‘ಹ್ಯಾವ್’, ಬೇಡದ ಕಡೆ ‘ಹ್ಯಾಡ್’. ಬೇಕಾದ ನಾಲ್ಕನೆಯ ವಾಕ್ಯದಲ್ಲಿ ಮಾತ್ರ ಅದು ಇಲ್ಲ. ಇವು ಅವಳೊಬ್ಬಳ ತಪ್ಪುಗಳಲ್ಲ. ನಮ್ಮ ಬ್ಯಾಂಕು, ಆಫೀಸು, ಕಾಲೇಜು ಸ್ಟಾಫ್‌ರೂಮುಗಳಲ್ಲಿ ದಿನಾ ಕೇಳುವ ವಾಕ್ಯಗಳು. ಇವನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ನೋವಾಗುತ್ತದೆ. ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿ ನೋಡಿ: ‘ನಮ್ಮಪ್ಪಂದು ಒಂದು ಸಣ್ಣ ಅಂಗಡಿ ಇದೆ’, ‘2022ರಲ್ಲಿ ಬಿಕಾಂ ಮುಗಿಸಿದ್ದೇನೆ’, ‘ಹೋದ ವರ್ಷ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ’, ‘ಮೂರು ವರ್ಷದಿಂದ ಬೆಂಗಳೂರಿನಲ್ಲಿ ಇದ್ದೇನೆ’. ನಾಲ್ಕೂ ಒಳ್ಳೆಯ ಕನ್ನಡ. ಕನ್ನಡದ ವ್ಯಾಕರಣ ಚೆನ್ನಾಗಿ ಬರುವುದರಿಂದಲೇ ಆದ ತಪ್ಪುಗಳಿವು. ಹಾಗಾಗಿ ಇವನ್ನು ತಿದ್ದುವ ದಾರಿಯೂ ಕನ್ನಡದ ಮೂಲಕವೇ ಹಾದುಹೋಗುತ್ತದೆ.

ಮೊದಲು ಒಂದು ಸಂಗತಿ. ಕನ್ನಡದಲ್ಲಿ ‘ಹ್ಯಾವ್’ ಎಂಬ ಕ್ರಿಯಾಪದವೇ ಇಲ್ಲ. ಡಿಕ್ಷನರಿಯಲ್ಲಿ ‘ಹೊಂದು’, ‘ಪಡೆದಿರು’ ಅಂತ ಕೊಟ್ಟಿರುತ್ತಾರೆ ನಿಜ, ಆದರೆ ‘ನಾನು ಇಬ್ಬರು ತಂಗಿಯರನ್ನು ಹೊಂದಿದ್ದೇನೆ’ ಅಂತ ಮನೆಯಲ್ಲಿ ಯಾರು ಮಾತಾಡುತ್ತಾರೆ? ನಾವು ಹೇಳುವುದು ‘ನನಗೆ ಇಬ್ಬರು ತಂಗಿಯರಿದ್ದಾರೆ’. ಇಲ್ಲಿ ಕೆಲಸ ಮಾಡುವುದು ‘ಇರು’ ಎಂಬ ಧಾತು, ಮತ್ತು ಅದರ ಜೊತೆಗೆ ಒಂದು ವಿಭಕ್ತಿ ಪ್ರತ್ಯಯ ಅಥವಾ ‘ಹತ್ತಿರ’ದಂಥ ಒಂದು ಪದ. ಅದೂ ಎಲ್ಲ ಕಡೆ ಒಂದೇ ಅಲ್ಲ. ನೆಂಟಸ್ತಿಕೆ, ಕಾಯಿಲೆ, ಗುಣವಾದರೆ ‘ಗೆ’: ‘ನನಗೆ ತಂಗಿ ಇದ್ದಾಳೆ’, ‘ನನಗೆ ಜ್ವರ ಇದೆ’, ‘ಅವನಿಗೆ ಧೈರ್ಯ ಇದೆ’. ಕೈಯಲ್ಲೋ ಜೇಬಿನಲ್ಲೋ ಇರುವ ವಸ್ತುವಾದರೆ ‘ಹತ್ತಿರ’: ‘ನನ್ನ ಹತ್ತಿರ ಚಿಲ್ಲರೆ ಇದೆ’. ‘ನನಗೆ ಚಿಲ್ಲರೆ ಇದೆ’ ಎನ್ನುವುದಿಲ್ಲ, ‘ನನ್ನ ಹತ್ತಿರ ತಂಗಿ ಇದ್ದಾಳೆ’ ಎಂದರೆ ತಂಗಿ ಸದ್ಯಕ್ಕೆ ನನ್ನ ಮನೆಯಲ್ಲಿ ಉಳಿದುಕೊಂಡಿದ್ದಾಳೆ ಎಂದಾಗುತ್ತದೆ. ಮನೆಗೆ ಕೋಣೆಗಳಾದರೆ ‘ಅಲ್ಲಿ’: ‘ನಮ್ಮ ಮನೇಲಿ ನಾಲ್ಕು ರೂಮಿವೆ’. ಆಸ್ತಿಪಾಸ್ತಿಯಾದರೆ ‘ನಮ್ಮದು’: ‘ನಮ್ಮದು ಎರಡೆಕರೆ ಜಮೀನಿದೆ’. ಇಷ್ಟು ಸೂಕ್ಷ್ಮವನ್ನು ನಾವು ಮೂರು ವರ್ಷದ ಮಗುವಾಗಿದ್ದಾಗಲೇ ಕಲಿತಿದ್ದೇವೆ.

ಇಂಗ್ಲಿಷಿಗೆ ಈ ನಾಲ್ಕೂ ಒಂದೇ. ತಂಗಿಯೂ ‘ಐ ಹ್ಯಾವ್’, ಜ್ವರವೂ ‘ಐ ಹ್ಯಾವ್’, ಚಿಲ್ಲರೆಯೂ ‘ಐ ಹ್ಯಾವ್’, ಜಮೀನೂ ‘ವಿ ಹ್ಯಾವ್’. ನಮ್ಮಲ್ಲಿ ವಸ್ತು ಕರ್ತೃ. ಅದು ಮನುಷ್ಯನ ಬಳಿ ಬಂದು ಕೂತಿರುತ್ತದೆ. ಅವರಲ್ಲಿ ಮನುಷ್ಯ ಕರ್ತೃ, ವಸ್ತುವನ್ನು ಹಿಡಿದುಕೊಂಡಿರುತ್ತಾನೆ. ಇದರಲ್ಲಿ ನಾವು ಒಂಟಿಯೇನಲ್ಲ. ಹಿಂದಿಯವರು ‘ಮೇರೇ ಪಾಸ್ ಹೈ’ ಎನ್ನುತ್ತಾರೆ. ರಷ್ಯನ್ನರು ‘ಉ ಮೆನ್ಯಾ’, ಅಂದರೆ ‘ನನ್ನ ಬಳಿ’, ಎಂದು ಶುರು ಮಾಡುತ್ತಾರೆ. ಹಳೆಯ ಲ್ಯಾಟಿನ್ನಿನಲ್ಲಿ ‘ಮಿಹಿ ಎಸ್ಟ್ ಲಿಬೆರ್’ ಎಂಬ ಪ್ರಯೋಗವಿತ್ತು. ಪದಕ್ಕೆ ಪದ ಇಟ್ಟರೆ ‘ನನಗೆ ಇದೆ ಪುಸ್ತಕ’. ಚತುರ್ಥಿ ವಿಭಕ್ತಿ, ‘ಇದೆ’, ಎಲ್ಲ ನಮ್ಮ ಹಾಗೆಯೇ.

‘ಹಿಡಿದುಕೊಂಡಿರುವುದು’ ಎಂದೆನಲ್ಲ, ಅದು ಬರಿಯ ಹೋಲಿಕೆಯಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ‘ಹಬ್ಬನ್’. ಅದರ ಬೇರು ಹುಡುಕುತ್ತ ಹೋದರೆ ಸಿಗುವುದು ‘ಕೈಹಾಕಿ ಹಿಡಿ’ ಎಂಬ ಅರ್ಥದ ಧಾತು. ಅದೇ ಬೇರಿನಿಂದ ಲ್ಯಾಟಿನ್ನಿನ ‘ಕಪೆರೆ’ ಬಂತು, ಅದರಿಂದ ಇಂಗ್ಲಿಷಿನ ‘ಕ್ಯಾಪ್ಚರ್’, ‘ಕ್ಯಾಚ್’ ಬಂದವು. ‘ಕ’ ಎಲ್ಲಿ, ‘ಹ’ ಎಲ್ಲಿ ಎಂದು ಆಶ್ಚರ್ಯಪಡಬೇಕಿಲ್ಲ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ‘ಪತ್ತು’ ‘ಹತ್ತು’ ಆಯಿತು. ಹಾಗೆಯೇ ಇಂಗ್ಲಿಷ್ ಸೇರಿದ ಜರ್ಮಾನಿಕ್ ಭಾಷಾ ಕುಟುಂಬದಲ್ಲಿ ಪದದ ಮೊದಲಿನ ‘ಕ’ ‘ಹ’ ಆಯಿತು. ಜರ್ಮನ್ ಭಾಷಾಪಂಡಿತ ಯಾಕೊಬ್ ಗ್ರಿಮ್ 1822ರಲ್ಲಿ ಈ ಬದಲಾವಣೆಗಳ ನಿಯಮವನ್ನು ವಿವರವಾಗಿ ಬರೆದ. ಲ್ಯಾಟಿನ್ನಿನಲ್ಲಿ ‘ಹಬೇರೆ’ ಎಂಬ ಪದವೂ ಇದೆ, ಅರ್ಥವೂ ಇದೇ, ನೋಡಲೂ ಅಣ್ಣತಮ್ಮನಂತಿದೆ. ಆದರೆ ಅದು ಬೇರೆ ಬೇರಿನದು.

ಈ ‘ಕೈಯಲ್ಲಿದೆ’ ಎಂಬ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬರುವ ಎಲ್ಲದಕ್ಕೂ ಇದೇ ಕೀಲಿ.

‘ಈಸ್ ದೇರ್’ ಎಂಬ ನಮ್ಮೂರ ಇಂಗ್ಲಿಷ್

‘ಹ್ಯಾವ್’ ಕೈಗೆ ಸಿಗದಾಗ ಕರ್ನಾಟಕದ ನಾಲಗೆ ಒಂದು ಸುಲಭದ ದಾರಿ ಹಿಡಿಯುತ್ತದೆ. ಡಾಕ್ಟರ ಮುಂದೆ ಕೂತು “ಫೀವರ್ ಈಸ್ ದೇರ್, ಕಾಫ್ ಈಸ್ ದೇರ್” ಎನ್ನುತ್ತೇವೆ. ಫೋನ್ ಮಾಡಿದ ಗೆಳೆಯನಿಗೆ “ಈವ್ನಿಂಗ್ ಮೀಟಿಂಗ್ ಈಸ್ ದೇರ್” ಎನ್ನುತ್ತೇವೆ. ಅಂಗಡಿಯಲ್ಲಿ “ಚೇಂಜ್ ಈಸ್ ದೇರ್?” ಎಂದು ಕೇಳುತ್ತೇವೆ. ಇದು ‘ಜ್ವರ ಇದೆ, ಕೆಮ್ಮು ಇದೆ’ ಎಂಬುದರ ನೇರ ನೆರಳು. ಊರೊಳಗೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರಗಿನ ಕಿವಿಗೆ ‘ದೇರ್’ ಎಂದರೆ ‘ಅಲ್ಲಿ’. ‘ಜ್ವರ ಅಲ್ಲಿದೆ’ ಎಂದರೆ ಎಲ್ಲಿ?

ತಿದ್ದುವುದು ಕಷ್ಟವಲ್ಲ. ಕನ್ನಡದ ವಾಕ್ಯದಲ್ಲಿ ‘ಗೆ’ ಅಥವಾ ‘ಹತ್ತಿರ’ ಅಂಟಿಕೊಂಡಿರುವ ಮನುಷ್ಯನನ್ನು ಹುಡುಕಿ. ಹೇಳದೆ ಬಿಟ್ಟಿದ್ದರೂ ಅವನು ಅಲ್ಲಿರುತ್ತಾನೆ. ‘ಜ್ವರ ಇದೆ’ ಎಂದರೆ ಯಾರಿಗೆ? ನನಗೆ. ಆ ‘ನನಗೆ’ಯನ್ನು ‘ನಾನು’ ಮಾಡಿ ವಾಕ್ಯದ ಮುಂದಕ್ಕೆ ತಂದು ಕೂರಿಸಿ: ‘ಐ ಹ್ಯಾವ್ ಎ ಫೀವರ್.’ ಮೀಟಿಂಗ್ ಯಾರಿಗೆ? ‘ಐ ಹ್ಯಾವ್ ಎ ಮೀಟಿಂಗ್.’ ಚಿಲ್ಲರೆ ಯಾರ ಹತ್ತಿರ? ‘ಡು ಯು ಹ್ಯಾವ್ ಚೇಂಜ್?’ ‘ನಮ್ಮ ಮನೇಲಿ ನಾಲ್ಕು ರೂಮಿವೆ’ ಎನ್ನುವಲ್ಲಿ ಮನೆಯನ್ನೇ ಮುಂದಕ್ಕೆ ತನ್ನಿ: ‘ಅವರ್ ಹೌಸ್ ಹ್ಯಾಸ್ ಫೋರ್ ರೂಮ್ಸ್.’ ಮನುಷ್ಯನೂ ಇಲ್ಲ, ಒಡೆತನವೂ ಇಲ್ಲ, ಬರೀ ಇರುವಿಕೆಯಷ್ಟೇ ಹೇಳಬೇಕು ಎಂದಾಗ ಮಾತ್ರ ‘ದೇರ್’ ಸರಿ, ಅದೂ ವಾಕ್ಯದ ಮೊದಲಲ್ಲಿ: ‘ದೇರ್ ಈಸ್ ಎ ಟೆಂಪಲ್ ನಿಯರ್ ದ ಲೇಕ್.’

‘ಹ್ಯಾವಿಂಗ್’ ಯಾವಾಗ ಸರಿ?

ಇನ್ನು ‘ಮೈ ಫಾದರ್ ಈಸ್ ಹ್ಯಾವಿಂಗ್ ಎ ಶಾಪ್’. ಭಾರತದ ಇಂಗ್ಲಿಷ್ ಎಂದರೆ ಜನ ಮೊದಲು ಎತ್ತಿ ತೋರಿಸುವುದು ಇದನ್ನೇ. ನಮಗೆ ಇದು ಯಾಕೆ ಬರುತ್ತದೆ ಎಂಬುದಕ್ಕೆ ನನ್ನದೊಂದು ಊಹೆ ಇದೆ. ಶಾಲೆಯಲ್ಲಿ ‘ಮಾಡುತ್ತಿದ್ದಾರೆ’ ಎಂದರೆ ‘ಆರ್ ಡೂಯಿಂಗ್’, ‘ಹೋಗುತ್ತಿದ್ದಾರೆ’ ಎಂದರೆ ‘ಆರ್ ಗೋಯಿಂಗ್’ ಎಂದು ಬಾಯಿಪಾಠ ಮಾಡಿರುತ್ತೇವೆ. ಕೊನೆಗೆ ‘ಇದ್ದಾರೆ’ ಕೇಳಿಸಿದ ಕೂಡಲೇ ಕೈ ‘ಇಂಗ್’ ಕಡೆಗೆ ಹೋಗುತ್ತದೆ. ‘ಇಬ್ಬರು ಮಕ್ಕಳಿದ್ದಾರೆ’ ಎಂಬುದರಲ್ಲೂ ‘ಇದ್ದಾರೆ’ ಇದೆಯಲ್ಲ! ಹೀಗೆ ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಹುಟ್ಟಿಕೊಳ್ಳುತ್ತದೆ. ‘ಗೊತ್ತಿದೆ’ ಎಂಬುದರಿಂದ ‘ಐ ಆಮ್ ನೋಯಿಂಗ್’ ಹುಟ್ಟುವುದೂ ಇದೇ ದಾರಿಯಲ್ಲಿ ಇರಬೇಕು.

ಪರೀಕ್ಷೆಯೂ ಕನ್ನಡದಲ್ಲೇ ಇದೆ. ಕನ್ನಡದ ವಾಕ್ಯಕ್ಕೆ ‘ಉತ್ತ’ ಸೇರಿಸಿ ನೋಡಿ. ‘ನನಗೆ ಇಬ್ಬರು ಮಕ್ಕಳು ಇರುತ್ತಿದ್ದಾರೆ’, ‘ನಮ್ಮಪ್ಪಂದು ಒಂದು ಅಂಗಡಿ ಇರುತ್ತಿದೆ’. ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ, ಅಲ್ಲವೇ? ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಕೇಳಿದ ಇಂಗ್ಲಿಷರ ಕಿವಿಗೂ ಆಗುವುದು ಅದೇ. ಮಕ್ಕಳು, ಅಂಗಡಿ, ಜಮೀನು, ಜ್ವರ, ಅನುಮಾನ ಎಲ್ಲವೂ ಇರುವಂಥವು. ಈಗ ನಡೆಯುತ್ತಿರುವ ಕೆಲಸಗಳಲ್ಲ. ಅದಕ್ಕೆ ‘ಐ ಹ್ಯಾವ್ ಟೂ ಚಿಲ್ಡ್ರನ್’, ‘ಮೈ ಫಾದರ್ ಹ್ಯಾಸ್ ಎ ಸ್ಮಾಲ್ ಶಾಪ್’.

ಆದರೆ ‘ಹ್ಯಾವಿಂಗ್’ ಎಲ್ಲಿ ಕಂಡರೂ ಕೆಂಪು ಗೆರೆ ಎಳೆಯುವ ಮೇಷ್ಟರುಗಳೂ ಇದ್ದಾರೆ. ಅದೂ ತಪ್ಪೇ. ‘ಹ್ಯಾವ್’ ಒಂದು ಕೆಲಸದ ಹೆಸರಿನ ಜೊತೆ ಸೇರಿದಾಗ ಅರ್ಥ ಬದಲಾಗುತ್ತದೆ. ‘ಹ್ಯಾವ್ ಬ್ರೇಕ್‌ಫಾಸ್ಟ್’ ಎಂದರೆ ತಿಂಡಿ ತಿನ್ನುವುದು, ‘ಹ್ಯಾವ್ ಎ ಬಾತ್’ ಎಂದರೆ ಸ್ನಾನ ಮಾಡುವುದು, ‘ಹ್ಯಾವ್ ಎ ಚಾಟ್’ ಎಂದರೆ ಮಾತಾಡುತ್ತ ಕೂರುವುದು. ‘ತಿಂಡಿ ತಿನ್ನುತ್ತಿದ್ದೇನೆ’ ಕನ್ನಡದಲ್ಲಿ ಸರಿ, ಹಾಗಾಗಿ ‘ಐ ಆಮ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್’ ಕೂಡ ಸರಿ. ಇಲ್ಲಿ ‘ಐ ಹ್ಯಾವ್ ಬ್ರೇಕ್‌ಫಾಸ್ಟ್ ಅಟ್ ಏಟ್’ ಎಂದರೆ ದಿನಾ ಎಂಟಕ್ಕೆ ತಿನ್ನುತ್ತೇನೆ ಎಂದಾಗುತ್ತದೆ. ‘ಲಾಗಿನ್ ಆಗೋದಕ್ಕೆ ಕಷ್ಟ ಆಗ್ತಿದೆ’ ಎನ್ನಲು ‘ಐ ಆಮ್ ಹ್ಯಾವಿಂಗ್ ಟ್ರಬಲ್ ಲಾಗಿಂಗ್ ಇನ್’ ಎಂಬುದೇ ಸರಿಯಾದ ಮಾತು. ‘ರಾತ್ರಿ ಮನೆಗೆ ನೆಂಟರು ಬರ್ತಿದಾರೆ’ ಎಂದರೆ ‘ವಿ ಆರ್ ಹ್ಯಾವಿಂಗ್ ಗೆಸ್ಟ್ಸ್ ಟುನೈಟ್’.

ಎರಡರ ನಡುವಿನ ದೂರ ಎಷ್ಟು ಎಂದು ನೋಡಬೇಕಾದರೆ ಈ ಜೋಡಿ ಸಾಕು. ‘ಶಿ ಹ್ಯಾಸ್ ಎ ಬೇಬಿ’ ಎಂದರೆ ಅವಳಿಗೊಂದು ಮಗುವಿದೆ. ‘ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಅವಳು ಬಸುರಿ, ಇಲ್ಲವೇ ಹೆರಿಗೆಯೇ ಆಗುತ್ತಿದೆ. ಆಫೀಸಿನಲ್ಲಿ ಸಹೋದ್ಯೋಗಿಯ ಬಗ್ಗೆ ಮಾತಾಡುವಾಗ ಒಂದು ‘ಇಂಗ್’ ಎಷ್ಟು ದೊಡ್ಡ ಸುದ್ದಿ ಹಬ್ಬಿಸಬಹುದು ಯೋಚಿಸಿ.

ಕಾಯಿಲೆಯ ವಿಷಯದಲ್ಲಿ ಮಾತ್ರ ನನ್ನ ಪರೀಕ್ಷೆ ಸ್ವಲ್ಪ ತಡವರಿಸುತ್ತದೆ. ‘ತಲೆ ನೋಯ್ತಿದೆ’ ಎನ್ನುತ್ತೇವೆ, ‘ಉತ್ತ’ ಬಂತು, ಹಾಗಾದರೆ ‘ಹ್ಯಾವಿಂಗ್ ಎ ಹೆಡೇಕ್’ ಎನ್ನಬೇಕೆ? ಬೇಡ. ‘ತಲೆನೋವು ಇದೆ’ ಎಂಬ ರೂಪವನ್ನು ತೆಗೆದುಕೊಳ್ಳಿ: ‘ಐ ಹ್ಯಾವ್ ಎ ಹೆಡೇಕ್.’ ನೆಗಡಿ, ಜ್ವರ, ಶುಗರ್, ಬಿಪಿ ಎಲ್ಲಕ್ಕೂ ಬರೀ ‘ಹ್ಯಾವ್’. ಎದುರಿಗೇ ಒಬ್ಬರಿಗೆ ಹೃದಯಾಘಾತ ಆಗುತ್ತಿದ್ದರೆ, ಫಿಟ್ಸ್ ಬರುತ್ತಿದ್ದರೆ, ಅದು ಕಣ್ಣ ಮುಂದೆ ನಡೆಯುತ್ತಿರುವ ಘಟನೆ. ಆಗ ಆಂಬುಲೆನ್ಸಿಗೆ ಫೋನ್ ಮಾಡುವವರು ‘ಹೀ ಈಸ್ ಹ್ಯಾವಿಂಗ್ ಎ ಹಾರ್ಟ್ ಅಟ್ಯಾಕ್’ ಎಂದೇ ಹೇಳಬೇಕು.

‘ಹ್ಯಾಸ್’ ವಿಷಯ ಬೇಗ ಮುಗಿಯುತ್ತದೆ. ಹೀ, ಶಿ, ಇಟ್ ಮತ್ತು ಒಂದೇ ಹೆಸರು ಬಂದಾಗ ‘ಹ್ಯಾಸ್’, ಉಳಿದ ಕಡೆ ‘ಹ್ಯಾವ್’. ಜನ ಎಡವುವುದು ಎರಡು ಜಾಗದಲ್ಲಿ. ‘ಎವರಿಬಡಿ’ ಎಂದರೆ ‘ಎಲ್ಲರೂ’, ನಮ್ಮಲ್ಲಿ ಬಹುವಚನ. ಇಂಗ್ಲಿಷಿನಲ್ಲಿ ಅದು ಏಕವಚನ, ‘ಎವರಿಬಡಿ ಹ್ಯಾಸ್ ಎ ಫೋನ್’. ಇನ್ನೊಂದು ‘ಹೀ ಡಸಂಟ್ ಹ್ಯಾಸ್’. ಇದು ತಪ್ಪೇಕೆ ಎಂದು ಮಕ್ಕಳಿಗೆ ಹೇಳುವಾಗ ನಾನು ಕನ್ನಡದ ನಿಷೇಧ ರೂಪ ತೋರಿಸುತ್ತೇನೆ. ‘ಬರುತ್ತಾನೆ, ಬರುತ್ತಾಳೆ, ಬರುತ್ತಾರೆ’ ಎಂದು ಬೇರೆಬೇರೆ ಇರುವುದು ‘ಇಲ್ಲ’ ಸೇರಿದ ಕೂಡಲೇ ಎಲ್ಲರಿಗೂ ‘ಬರುವುದಿಲ್ಲ’ ಆಗಿಬಿಡುತ್ತದೆ. ಅವನು, ಅವಳು, ಅವರು ಎಂಬ ಗುರುತು ಕ್ರಿಯಾಪದದಿಂದ ಕಳಚಿಹೋಗುತ್ತದೆ. ಇಂಗ್ಲಿಷಿನಲ್ಲಿ ಆ ಗುರುತು ಕಳಚಿ ‘ಡಸ್’ ಮೇಲೆ ಹೋಗಿ ಕೂರುತ್ತದೆ. ಒಂದು ಸಲ ಅಲ್ಲಿ ಕೂತ ಮೇಲೆ ‘ಹ್ಯಾವ್’ ಬರಿಮೈಯಲ್ಲಿ ಉಳಿಯುತ್ತದೆ: ‘ಹೀ ಡಸಂಟ್ ಹ್ಯಾವ್ ಟೈಮ್’, ‘ಡಸ್ ಶಿ ಹ್ಯಾವ್ ದ ಕೀ?’

ಕೈಯಲ್ಲಿರುವ ಮೀನು

ಈಗ ಹೆಚ್ಚು ಗೊಂದಲದ ಭಾಗ. ‘ಐ ಹ್ಯಾವ್ ಸೀನ್’, ‘ಐ ಹ್ಯಾವ್ ಕಂಪ್ಲೀಟೆಡ್’. ಒಡೆತನ ಹೇಳುವ ಪದ ಕಾಲ ಹೇಳುವುದಕ್ಕೆ ಯಾಕೆ ಬಂತು?

ಹಳೆಯ ಇಂಗ್ಲಿಷಿನಲ್ಲಿ ‘ನಾನು ಮೀನನ್ನು ಹಿಡಿದಿದ್ದೇನೆ’ ಎಂಬುದರ ಮೂಲ ರೂಪ ‘ನನ್ನ ಬಳಿ ಮೀನು ಇದೆ, ಹಿಡಿದದ್ದು’ ಎಂಬಂತಿತ್ತು. ‘ಹಿಡಿದ’ ಎನ್ನುವುದು ಮೀನಿನ ವಿಶೇಷಣ. ನೂರಾರು ವರ್ಷಗಳಲ್ಲಿ ಆ ವಿಶೇಷಣ ಜಾಗ ಬದಲಿಸಿ ‘ಹ್ಯಾವ್’ ಪಕ್ಕಕ್ಕೆ ಬಂತು, ‘ಐ ಹ್ಯಾವ್ ಕಾಟ್ ದ ಫಿಶ್’ ಆಯಿತು. ಅರ್ಥ ಮಾತ್ರ ತನ್ನ ಹುಟ್ಟನ್ನು ಮರೆತಿಲ್ಲ: ಹಿಡಿದದ್ದು ಯಾವಾಗಲೋ, ಮೀನು ಈಗ ನನ್ನ ಕೈಯಲ್ಲಿದೆ. ಮುಖ್ಯವಾದದ್ದು ಆ ‘ಈಗ’.

ಅದಕ್ಕೇ ‘ಹ್ಯಾವ್’ ಇರುವ ವಾಕ್ಯಕ್ಕೆ ‘ಯೆಸ್ಟರ್‌ಡೇ’, ‘ಲಾಸ್ಟ್ ಇಯರ್’, ‘ಇನ್ 2022’ ಎಂಬ ಮುಗಿದುಹೋದ ಸಮಯ ಒಗ್ಗುವುದಿಲ್ಲ. ಒಂದು ಕಡೆ ‘ಈಗ ಕೈಯಲ್ಲಿದೆ’ ಎನ್ನುತ್ತೀರಿ, ಇನ್ನೊಂದು ಕಡೆ ‘2022ರಲ್ಲಿ’ ಎನ್ನುತ್ತೀರಿ. ಎರಡರಲ್ಲಿ ಒಂದನ್ನು ಬಿಡಬೇಕು. ಪದವಿ ಕೈಯಲ್ಲಿದೆ ಎಂಬುದು ಮುಖ್ಯವಾದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ’. ಯಾವಾಗ ಎಂಬುದು ಮುಖ್ಯವಾದರೆ ‘ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022’. ನಮ್ಮ ಬಯೋಡೇಟಾಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಬಹುಶಃ ಇದೇ. ಕನ್ನಡದ ‘ಮುಗಿಸಿದ್ದೇನೆ’ಗೆ ಇಂಥ ಮಡಿವಂತಿಕೆ ಇಲ್ಲ, ‘2022ರಲ್ಲಿ ಮುಗಿಸಿದ್ದೇನೆ’ ಎಂದರೂ ಒಪ್ಪುತ್ತದೆ. ತಪ್ಪು ನುಸುಳುವುದು ಅಲ್ಲಿಂದಲೇ.

ಒಂದು ಸೊಗಸು ನೋಡಿ. ನಮ್ಮ ‘ಮುಗಿಸಿದ್ದೇನೆ’ ಎಂಬುದೂ ‘ಮುಗಿಸಿ ಇದ್ದೇನೆ’ ಎಂಬ ಎರಡು ಪದಗಳ ಕೂಡಿಕೆ. ಅಂಗಡಿ ಇದೆ ಎನ್ನಲು ಯಾವ ‘ಇರು’ ಬಳಸಿದೆವೋ ಅದೇ ‘ಇರು’ ಇಲ್ಲೂ ಬಂತು. ಒಡೆತನಕ್ಕೂ ಮುಗಿದ ಕೆಲಸಕ್ಕೂ ಇಂಗ್ಲಿಷ್ ‘ಹ್ಯಾವ್’ ಬಳಸಿದರೆ ಕನ್ನಡ ‘ಇರು’ ಬಳಸುತ್ತದೆ. ಎರಡು ದೂರದ ಭಾಷೆಗಳು, ಒಂದಕ್ಕೊಂದು ಗೊತ್ತೇ ಇಲ್ಲದೆ, ಒಂದೇ ತರಹದ ಮನೆ ಕಟ್ಟಿಕೊಂಡಿವೆ.

ಇದರ ಜೊತೆಗೆ ಬರುವ ಇನ್ನೊಂದು ತೊಡಕು ‘ಹ್ಯಾಡ್’. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎನ್ನುತ್ತೇವೆ. ‘ಹೋಗಿ ಇದ್ದೆ’. ಶಾಲೆಯ ಲೆಕ್ಕದಲ್ಲಿ ಅದು ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’. ಆದರೆ ಕನ್ನಡದ ‘ಹೋಗಿದ್ದೆ’ ಹೇಳುವುದು ಹೋಗಿ, ಇದ್ದು, ಈಗ ಬಂದಿದ್ದೇನೆ ಎಂಬ ಭಾವ. ಇಂಗ್ಲಿಷಿನ ‘ಹ್ಯಾಡ್ ಗಾನ್’ಗೆ ಆ ಭಾವ ಇಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಹಿಂದಿನ ಘಟನೆ ಬೇಕು, ಅದಕ್ಕಿಂತ ಮೊದಲೇ ಇದು ಆಗಿರಬೇಕು. ‘ನಾನು ಸ್ಟಾಪಿಗೆ ಬರೋ ಹೊತ್ತಿಗೆ ಬಸ್ ಹೋಗಿತ್ತು’: ಇಲ್ಲಿ ಎರಡು ಘಟನೆಗಳಿವೆ, ‘ದ ಬಸ್ ಹ್ಯಾಡ್ ಲೆಫ್ಟ್’ ಸರಿ. ಒಂಟಿ ಘಟನೆಯಾದರೆ ‘ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ’ ಅಷ್ಟೇ. ಬರೀ ‘ಹ್ಯಾಡ್ ಗಾನ್’ ಕೇಳಿದವರು ‘ಆಮೇಲೇನಾಯ್ತು?’ ಎಂದು ಕಾಯುತ್ತಾರೆ.

ಮೈಸೂರಿನದೇ ಇನ್ನೊಂದು ಮಾತು. ‘ಅಮ್ಮ ಮೈಸೂರಿಗೆ ಹೋಗಿದಾರೆ’ ಎಂದರೆ ಇನ್ನೂ ಅಲ್ಲೇ ಇದ್ದಾರೆ: ‘ಅಮ್ಮ ಹ್ಯಾಸ್ ಗಾನ್ ಟು ಮೈಸೂರು.’ ‘ನಾನು ಮೈಸೂರಿಗೆ ಹೋಗಿ ಬಂದಿದೀನಿ’ ಎಂದರೆ ನೋಡಿದ ಊರು: ‘ಐ ಹ್ಯಾವ್ ಬೀನ್ ಟು ಮೈಸೂರು.’ ಬೆಂಗಳೂರಿನಲ್ಲಿ ನಿಂತು ‘ಐ ಹ್ಯಾವ್ ಗಾನ್ ಟು ಮೈಸೂರು’ ಎನ್ನಲು ಬರುವುದಿಲ್ಲ.

‘ಮೂರು ವರ್ಷದಿಂದ’ ಎಂಬುದನ್ನೂ ಇಲ್ಲೇ ಮುಗಿಸಿಬಿಡೋಣ. ನಮ್ಮ ‘ಇಂದ’ ಎರಡು ಕೆಲಸ ಮಾಡುತ್ತದೆ: ‘ಸೋಮವಾರದಿಂದ’ ಎಂದು ಆರಂಭದ ಬಿಂದುವನ್ನೂ ಹೇಳುತ್ತದೆ, ‘ಮೂರು ವರ್ಷದಿಂದ’ ಎಂದು ಅವಧಿಯ ಉದ್ದವನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿ ಬಿಂದುವಿಗೆ ‘ಸಿನ್ಸ್’, ಉದ್ದಕ್ಕೆ ‘ಫಾರ್’. ಹಿಂದೆ ಶುರುವಾದ ವಾಸ ಈಗಲೂ ಕೈಬಿಟ್ಟಿಲ್ಲವಾದ್ದರಿಂದ ‘ಹ್ಯಾವ್’ ಬೇಕೇ ಬೇಕು: ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಬೆಂಗಳೂರು ಫಾರ್ ತ್ರೀ ಇಯರ್ಸ್.’

ಹೋಗಬೇಕಾಯಿತು, ಹೋಗಬೇಕಿತ್ತು

‘ಹ್ಯಾವ್ ಟು’ ಬಂದಿದ್ದೂ ಕೈಯಿಂದಲೇ. ‘ಐ ಹ್ಯಾವ್ ಎ ಲೆಟರ್ ಟು ರೈಟ್’, ಅಂದರೆ ಬರೆಯಬೇಕಾದ ಕಾಗದವೊಂದು ನನ್ನ ಕೈಯಲ್ಲಿ ಉಳಿದಿದೆ. ಅದೇ ‘ಐ ಹ್ಯಾವ್ ಟು ರೈಟ್ ಎ ಲೆಟರ್’ ಆಯಿತು. ನಾವೂ ಇದನ್ನೇ ‘ಇದೆ’ಯಿಂದ ಹೇಳುತ್ತೇವೆ: ‘ನಾಳೆ ಊರಿಗೆ ಹೋಗೋದಿದೆ’, ‘ಇನ್ನೂ ಅಡುಗೆ ಮಾಡೋದಿದೆ’. ಹೇಳುವಾಗ ಇದು ‘ಹ್ಯಾವ್ ಟು’ ಎಂದು ಕೇಳುವುದಿಲ್ಲ. ‘ಟ’ ಮುಂದೆ ಬರುವುದರಿಂದ ‘ವ್’ ಗಟ್ಟಿಯಾಗಿ ‘ಹ್ಯಾಫ್ ಟು’ ಎಂದಾಗುತ್ತದೆ. ಇಂಗ್ಲಿಷ್ ಸುದ್ದಿ ಕೇಳುವಾಗ ಗಮನಿಸಿ.

ಇಲ್ಲಿ ಎರಡು ಕಡೆ ನಿಜವಾಗಿ ನಷ್ಟವಾಗುತ್ತದೆ. ಮೊದಲನೆಯದು ನಿಷೇಧ. ‘ಯು ಡೋಂಟ್ ಹ್ಯಾವ್ ಟು ಕಮ್ ಟುಮಾರೋ’ ಎಂದರೆ ‘ನಾಳೆ ಬರಬೇಕಾಗಿಲ್ಲ’, ಬಂದರೂ ತೊಂದರೆಯಿಲ್ಲ. ‘ಯು ಮಸ್ಟ್ ನಾಟ್ ಕಮ್’ ಎಂದರೆ ‘ಬರಬಾರದು’. ಕನ್ನಡದಲ್ಲಿ ‘ಬೇಕಾಗಿಲ್ಲ’ ಮತ್ತು ‘ಬಾರದು’ ಎಷ್ಟು ಸ್ಪಷ್ಟವಾಗಿ ಬೇರೆಯೋ ಇಂಗ್ಲಿಷಿನಲ್ಲೂ ಅಷ್ಟೇ ಬೇರೆ. ಮಾತ್ರೆಯ ವಿಷಯದಲ್ಲಿ ‘ಊಟಕ್ಕೆ ಮುಂಚೆ ತಗೋಬೇಕಾಗಿಲ್ಲ’ ಮತ್ತು ‘ಊಟಕ್ಕೆ ಮುಂಚೆ ತಗೋಬಾರದು’ ಇವೆರಡನ್ನು ಅದಲುಬದಲು ಮಾಡಿದರೆ ಏನಾಗಬಹುದು!

ಎರಡನೆಯದು ‘ಹ್ಯಾಡ್ ಟು’. ‘ಹೋಗಬೇಕಾಯಿತು’ ಎಂದರೆ ಹೋದೆ, ಮನಸ್ಸಿಲ್ಲದಿದ್ದರೂ. ‘ಹೋಗಬೇಕಿತ್ತು’ ಎಂದರೆ ಹೋಗಲಿಲ್ಲ. ಒಂದು ‘ಆಯಿತು’, ಒಂದು ‘ಇತ್ತು’. ಅಷ್ಟರಲ್ಲೇ ಕನ್ನಡ ಇಡೀ ಕಥೆ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಐ ಹ್ಯಾಡ್ ಟು ಗೋ’, ಎರಡನೆಯದು ‘ಐ ಶುಡ್ ಹ್ಯಾವ್ ಗಾನ್’. ನಮ್ಮವರು ಎರಡಕ್ಕೂ ‘ಹ್ಯಾಡ್ ಟು’ ಎಂದುಬಿಡುತ್ತಾರೆ. ‘ಐ ಹ್ಯಾಡ್ ಟು ಕಾಲ್ ಯು ಯೆಸ್ಟರ್‌ಡೇ’ ಎಂದು ಕ್ಷಮೆ ಕೇಳುವ ದನಿಯಲ್ಲಿ ಹೇಳಿದರೆ ಕೇಳಿದವರು ‘ನಿಮ್ಮ ಕಾಲ್ ಬರಲೇ ಇಲ್ಲವಲ್ಲ’ ಎಂದು ತಬ್ಬಿಬ್ಬಾಗುತ್ತಾರೆ. ಮಾಡಬೇಕಿತ್ತು, ಮಾಡಲಿಲ್ಲ ಎಂದಿದ್ದರೆ ‘ಐ ಶುಡ್ ಹ್ಯಾವ್ ಕಾಲ್ಡ್ ಯು’.

ಹೊಲಿಸಿದ್ದು, ಹೊಲಿದದ್ದು

ಕೊನೆಗೆ ನನಗೆ ತುಂಬ ಇಷ್ಟವಾದ ಬಳಕೆ. ಕನ್ನಡದಲ್ಲಿ ‘ಇಸು’ ಎಂಬ ಪ್ರತ್ಯಯ ಇದೆ. ಹೊಲಿ, ಹೊಲಿಸು. ಕಟ್ಟು, ಕಟ್ಟಿಸು. ಮಾಡು, ಮಾಡಿಸು. ಕೆಲಸ ನಮ್ಮದು, ಕೈ ಇನ್ನೊಬ್ಬರದು ಎಂದು ಎರಡಕ್ಷರದಲ್ಲಿ ಹೇಳುವ ಸಾಧನ. ಇಂಗ್ಲಿಷ್ ಮಾತಾಡುವಾಗ ನಾವು ಇದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ‘ಬ್ಲೌಸ್ ಹೊಲಿಸಿದೆ’ ಎನ್ನಬೇಕಾದವರು ‘ಐ ಸ್ಟಿಚ್ಡ್ ಎ ಬ್ಲೌಸ್’ ಎನ್ನುತ್ತಾರೆ. ಕೇಳಿದವರು ‘ನಿಮಗೆ ಹೊಲಿಗೆ ಬರುತ್ತಾ?’ ಎಂದು ಕೇಳುತ್ತಾರೆ. ‘ಕಟಿಂಗ್ ಮಾಡಿಸ್ಕೊಂಡೆ’ ಎಂಬುದು ‘ಐ ಕಟ್ ಮೈ ಹೇರ್’ ಆಗುತ್ತದೆ. ಕತ್ತರಿ ಹಿಡಿದು ಕನ್ನಡಿ ಮುಂದೆ ನೀವೇ ನಿಂತ ಹಾಗೆ.

ಇಂಗ್ಲಿಷಿನ ‘ಇಸು’ ಎಂದರೆ ‘ಹ್ಯಾವ್’. ಅದನ್ನು ಮೊದಲು ಇಡಿ, ಆಮೇಲೆ ವಸ್ತು, ಆಮೇಲೆ ಆದ ಕೆಲಸ. ‘ಐ ಹ್ಯಾಡ್ ಎ ಬ್ಲೌಸ್ ಸ್ಟಿಚ್ಡ್.’ ‘ಐ ಹ್ಯಾಡ್ ಮೈ ಹೇರ್ ಕಟ್.’ ‘ವಿ ಆರ್ ಹ್ಯಾವಿಂಗ್ ದ ಹೌಸ್ ಪೇಂಟೆಡ್’, ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಕ್ರಮ ಮುಖ್ಯ. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಕಟಿಂಗ್ ಮಾಡಿಸ್ಕೊಂಡೆ. ‘ಐ ಹ್ಯಾಡ್ ಕಟ್ ಮೈ ಹೇರ್’ ಎಂದರೆ ಅದಕ್ಕೂ ಮುಂಚೆ ನಾನೇ ಕತ್ತರಿಸಿದ್ದೆ. ಪದಗಳು ಅವೇ, ಕೂತ ಜಾಗ ಬೇರೆ. ಹಳೆಯ ಮೀನಿನ ವಾಕ್ಯದಲ್ಲಿ ‘ಹಿಡಿದ’ ಎಂಬುದು ಮೀನಿನ ಪಕ್ಕ ಕೂತಿತ್ತಲ್ಲ, ಆ ಜೋಡಣೆ ಇವತ್ತಿಗೂ ಹೀಗೆ ಉಳಿದುಕೊಂಡಿದೆ.

ಹುಡುಗಿಯ ಹಾಳೆಯ ಮೇಲೆ ನಾನು ಕೆಂಪು ಗೆರೆ ಎಳೆಯಲಿಲ್ಲ. ಪ್ರತಿ ವಾಕ್ಯದ ಕೆಳಗೆ ಅವಳ ಕೈಯಲ್ಲೇ ಕನ್ನಡ ಬರೆಸಿದೆ. ‘ಅಂಗಡಿ ಇದೆ’ ಎಂದು ಬರೆದವಳು ಒಂದು ಕ್ಷಣ ನಿಂತು, “ಇರ್ತಿದೆ ಅನ್ನಲ್ಲ ಅಲ್ವಾ ಆಂಟಿ?” ಎಂದು ತಾನೇ ‘ಈಸ್ ಹ್ಯಾವಿಂಗ್’ ಹೊಡೆದು ‘ಹ್ಯಾಸ್’ ಮಾಡಿದಳು. 2022ರ ಮುಂದಿನ ‘ಹ್ಯಾವ್’ ಹೋಯಿತು. ‘ಹ್ಯಾಡ್ ಡನ್’ ಹೋಗಿ ‘ಡಿಡ್’ ಬಂತು. ಬೆಂಗಳೂರಿನ ವಾಕ್ಯಕ್ಕೆ ಹೊಸದಾಗಿ ‘ಹ್ಯಾವ್ ಬೀನ್’ ಬಂತು, ‘ಸಿನ್ಸ್’ ‘ಫಾರ್’ ಆಯಿತು.

ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, ‘ಊಟ ಆಯ್ತಾ’ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಗೆ ಕೇಳೋದು ಎಂದಳು. ಆಫೀಸಿನಲ್ಲಿ ಎಲ್ಲರೂ ‘ಲಂಚ್ ಓವರ್?’ ಅಂತಾರಂತೆ ಎಂದು ಅವಳ ಗೆಳತಿ ಹೇಳಿದ್ದಳಂತೆ. “ಹ್ಯಾವ್ ಯು ಹ್ಯಾಡ್ ಲಂಚ್?” ಎಂದೆ. “ಎರಡು ಹ್ಯಾವ್ ಯಾಕೆ?” ಎಂದಳು. ಹಿಂದಿನ ‘ಹ್ಯಾಡ್’ ಊಟ ಮಾಡುವುದಕ್ಕೆ, ಮುಂದಿನ ‘ಹ್ಯಾವ್’ ಅದು ಆಯ್ತಾ ಎನ್ನುವುದಕ್ಕೆ ಎಂದೆ. ಮೆಟ್ಟಿಲಿಳಿಯುತ್ತ ಅದನ್ನೇ ಎರಡು ಸಲ ಹೇಳಿಕೊಂಡಳು, ಆಮೇಲೆ ತಿರುಗಿ ನೋಡಿ, “ಹ್ಯಾವ್ ಯು ಹ್ಯಾಡ್ ಡಿನ್ನರ್, ಆಂಟಿ?” ಎಂದಳು.